ಮೇಲಿನ ಅರ್ಧ

ಗಿಲ್ಗಾಂಡ್ರ: ಹೆಸರು ಕೇಳಿದರೆ
ಹಾವೇರಿಯಾಚೆಗಿನ ಯಾವುದೋ ಬಸ್‌ಸ್ಟಾಪು ಅನ್ನಬೇಕು.
ಆಸ್ಟ್ರೇಲಿಯದ ಗೋಧಿ ಬಯಲು. ಇಲ್ಲಿ ನಾನು ಕುರಿ ಡಾಕ್ಟರು.
ಶನಿವಾರ, ಕೈಯ ಡೆಟಾಲು ವಾಸನೆ ಆರುವ ಮೊದಲೇ
ನೊರೀನ್ ಟಕ್‌ವೆಲ್ಲಳ ಅಂಗಡಿಗೆ ಹೋದೆ,
ರೈಫಲ್ಲಿಗೊಂದು ದುರ್ಬೀನು ಬೇಕಿತ್ತು.

ಗಾಜಿನ ಕಪಾಟಿನಲ್ಲಿ ಕರ್ರಗೆ ಸಾಲಾಗಿ ಮಲಗಿದ್ದವು.
ನನ್ನ ಕಣ್ಣು ಇಪ್ಪತ್ತೈದು ಪಟ್ಟು ಹಿಗ್ಗಿಸುವುದರ ಮೇಲೆ.
‘ಇದರಲ್ಲಿ ನೊಣದ ಮೀಸೆ ಕಾಣುತ್ತದೆ’ ಅಂದೆ.
‘ನೊಣಕ್ಕಾ ಹೊಡೆಯೋದು ನೀನು?’

ಎಷ್ಟು ದೂರ ಅಂತ ಕೇಳಿದಳು.
ಸಾವಿರ ಗಜ, ಅಂದುಬಿಟ್ಟೆ.
ಕ್ಲಬ್ಬಿನ ಬಯಲಲ್ಲಿ ಮುನ್ನೂರು ದಾಟಿ ಹೊಡೆದವಳಲ್ಲ ನಾನು.
ಅವಳಿಗೂ ಗೊತ್ತು. ಏನೂ ಅನ್ನದೆ
ಒಂದು ಲಕೋಟೆಯ ಬೆನ್ನಲ್ಲಿ ಗುಂಡಿನ ಹಾದಿ ಬರೆದಳು:
ಹೊರಡುವಾಗ ನೆಟ್ಟಗೆ, ಆಮೇಲೆ
ಮನಸ್ಸಿಲ್ಲದವರ ನಮಸ್ಕಾರದ ಹಾಗೆ ಬಾಗುತ್ತ ಬಾಗುತ್ತ
ಸಾವಿರಕ್ಕೆ ಮುಟ್ಟುವಾಗ ಮೂರು ಮಹಡಿ ಕೆಳಗೆ.
ಅಷ್ಟನ್ನೂ ಮೊದಲೇ ಏರಿಸಿಟ್ಟಿರಬೇಕು.

‘ಮೂವತ್ತೆಂಟು ನಿಮಿಷ.’
ಗಡಿಯಾರದ್ದಲ್ಲ. ಒಂದು ಡಿಗ್ರಿಯನ್ನು
ಅರವತ್ತು ಸೀಳಿದರೆ ಒಂದು ಸೀಳು.
ನೂರು ಗಜದಲ್ಲಿ ಹೆಬ್ಬೆರಳಿನಗಲ,
ಸಾವಿರದಲ್ಲಿ ಊಟದ ತಟ್ಟೆ.

ಡಬ್ಬಿಯ ಮೇಲೆ ಐವತ್ತು ಎಂದಿತ್ತು.
ಮೂವತ್ತೆಂಟು ಕಳೆದರೂ ಹನ್ನೆರಡು ಕಿಸೆಯಲ್ಲಿ!
‘ತಿರುಗಿಸು’ ಅಂದಳು. ಗುಬಟನ್ನು ಮೊದಲು ತಳ ಮುಟ್ಟಿಸಿ
ಅಲ್ಲಿಂದ ಮೇಲಕ್ಕೆ, ಟಿಕ್ಕಿಗೆ ಕಾಲು ನಿಮಿಷ.
ಒಂದು, ಎರಡು, ಮೂರು... ಎಣಿಕೆ ತಾನಾಗಿ ಕನ್ನಡಕ್ಕೆ ಹೊರಳಿತು;
ಕುರಿಗಳನ್ನಾದರೆ ಇಂಗ್ಲಿಷಿನಲ್ಲೇ ಎಣಿಸುತ್ತೇನೆ.
ಇದು ನನ್ನ ದುಡ್ಡು.
ಇನ್ನೂರಕ್ಕೆ ಗೋಡೆಗೆ ತಾಗಿದಂತೆ ನಿಂತಿತು.

‘ಈಗ ನೂರು ಹಿಂದಕ್ಕೆ ಬಾ. ಅದು ನಡು.
ಶುರು ಮಾಡುವುದು ಅಲ್ಲಿಂದ. ಮೇಲಕ್ಕೆಷ್ಟು ಉಳಿಯಿತು?’
ಇಪ್ಪತ್ತೈದು.
‘ಇನ್ನರ್ಧ ಬಾವಿಯೊಳಕ್ಕೆ ಗುರಿಯಿಡುವವರಿಗೆ.’
ಅಷ್ಟೇ ಅಲ್ಲ: ದುಂಡು ಕೊಳವೆಯೊಳಗೆ ಇನ್ನೊಂದು ಕೊಳವೆ ಅದು,
ನೆತ್ತಿಗೆ ಹೋಗಿ ಅಂಟಿಕೊಂಡರೆ
ಎಡಕ್ಕೆ ಬಲಕ್ಕೆ ಸರಿಯಲು ಜಾಗವೇ ಇರುವುದಿಲ್ಲ.
ಕಿಟಕಿಯಾಚೆ ಗಾಳಿಯಂತ್ರ ಕಿರುಗುಟ್ಟುತ್ತ ಮುಖ ತಿರುಗಿಸಿತು,
ಗಲಾ ಹಕ್ಕಿಗಳ ಗಲಾಟೆ.

ಡ್ರಾಯರಿನಿಂದ ಒಂದು ಉಕ್ಕಿನ ಪಟ್ಟಿ ತೆಗೆದಳು.
ಹಿಂದುಗಡೆ ಬ್ಯಾಂಕ್ ಕಾರ್ಡಿನ ದಪ್ಪದಷ್ಟು ಎತ್ತರ, ಮುಂದೆ ತಗ್ಗು.
ಇದರ ಮೇಲೆ ಕೂತರೆ ದುರ್ಬೀನು ಮೂತಿ ಬಗ್ಗಿಸುತ್ತದೆ,
ಬಾವಿಯಲ್ಲಿದ್ದ ಇಪ್ಪತ್ತು ನಿಮಿಷ ಮೇಲೆ ಬರುತ್ತದೆ.

ಬೀದರಿನ ಹಾಸ್ಟೆಲಿನಲ್ಲಿ ಅಡುಗೆಯ ಮಾಣಿಕಮ್ಮ
ಕೊಪ್ಪರಿಗೆಯಡಿ ಇಟ್ಟಿಗೆ ಚೂರು ತುರುಕಿ ವಾಲಿಸುತ್ತಿದ್ದಳು,
ತಡವಾಗಿ ಬಂದ ಇಬ್ಬರಿಗೆ
ಸೌಟಿಗೆ ಸಿಗದ ತಳದ ಸಾರು ಸಿಗಲೆಂದು.
ಅವಳು ನೆನಪಾದದ್ದು ಹನ್ನೊಂದು ವರ್ಷದ ಮೇಲೆ,
ಎಣ್ಣೆ ಮತ್ತು ಮದ್ದಿನ ವಾಸನೆಯ ಈ ಅಂಗಡಿಯಲ್ಲಿ.

‘ನಲವತ್ತೈದು ಮೇಲೆ, ಐದು ಕೆಳಗೆ,’ ನೊರೀನ್ ಬರೆದಳು.
ಆ ಐದನ್ನೂ ವಾಲಿಸಿಬಿಟ್ಟರೆ? ಆಸೆಗೆ ಕೇಳಿದೆ.
‘ಬೇಡ. ಆಮೇಲೆ ಹತ್ತಿರದ್ದಕ್ಕೆ ಗುರಿ ಕೂರುವುದಿಲ್ಲ.’
ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿ ಗಲ್ಲಾ ಎಳೆದಳು.

ನೊಣದ ಮೀಸೆಯನ್ನು ಕಪಾಟಿನಲ್ಲೇ ಬಿಟ್ಟೆ.
ಹತ್ತು ಪಟ್ಟಿನದು, ಅದಕ್ಕೂ ಅದೇ ಐವತ್ತು, ಅರ್ಧ ಬೆಲೆ,
ಜೊತೆಗೆ ಪಟ್ಟಿ, ನಾಲ್ಕು ತಿರುಪು, ಆ ಲಕೋಟೆ.
ತಿರುವಿ ನೋಡಿದರೆ ಅವಳದೇ ಕರೆಂಟ್ ಬಿಲ್ಲು, ಕಟ್ಟಿರಲಿಲ್ಲ.

ಭಾನುವಾರ ಬಯಲಲ್ಲಿ ಹೊಟ್ಟೆಯಡಿಯಾಗಿ ಮಲಗಿದೆ.
ಮುನ್ನೂರಕ್ಕೆ ಇಪ್ಪತ್ತು ಟಿಕ್ ಸಾಕಾಯಿತು.
ಉಳಿದ ನೂರಾ ಅರವತ್ತು
ಗುಬಟಿನೊಳಗೆ ಹಾಗೇ ಇವೆ,
ಬೆರಳಿಗೆ ಗೊತ್ತಾಗುತ್ತದೆ.