ಹುಬ್ಬು

ಸಂದರ್ಶನದ ಕೊನೆಯ ಪ್ರಶ್ನೆ:
ಚಳಿ ತಡೀತೀರಾ?
ಹೂಂ, ಅಂದೆ.
ಅಷ್ಟರ ತನಕ ನಾನು ಕಂಡ ಚಳಿಯೆಂದರೆ
ಇಲೊಯಿಲೊ ಮೀನುಪೇಟೆಯಲ್ಲಿ
ಬಂಗುಡೆಯ ಮೇಲೆ ಸುರಿದ ಮಂಜುಗಡ್ಡೆಯ ಪುಡಿ,
ಅದೂ ಹತ್ತು ಗಂಟೆಯೊಳಗೆ ನೀರು.

ಏಜೆನ್ಸಿಗೆ ಕಟ್ಟಿದ್ದು ಹದಿನೆಂಟು ತಿಂಗಳ ಸಂಬಳ.
ಜಾಮೀನು, ಅಕ್ಕನ ಹೊಲಿಗೆ ಅಂಗಡಿ.
ಅಲಾಸ್ಕಾದ ಬೆತೆಲ್‌ನಲ್ಲಿ ಒಂಬತ್ತು ಸೀಟಿನ ವಿಮಾನ ಹತ್ತಿಸುವ ಹುಡುಗ
ಪೆಟ್ಟಿಗೆ ತೂಗಿದ, ಆಮೇಲೆ ನನ್ನನ್ನೂ ತೂಗಿದ.
ನಾನೂ ನನ್ನ ಸಾಮಾನೂ ಸೇರಿ ಒಂದೇ ಅಂಕಿ.
ಹದಿನಾಲ್ಕು ವರ್ಷ ಪಾಠ ಹೇಳಿದ್ದು
ಅದರಲ್ಲಿ ಸೇರಿತ್ತೋ ಇಲ್ಲವೋ.

ಕೆಳಗೆ ಕಸ್ಕೋಕ್ವಿಮ್ ನದಿ
ಸುತ್ತಿ, ಮತ್ತೆ ಅಲ್ಲಿಗೇ ಬಂದು, ಮತ್ತೆ ಸುತ್ತಿ.
ರಸ್ತೆ ಇಲ್ಲ.
ಮರವೂ ಇಲ್ಲ ಅಂತ ಗೊತ್ತಾದದ್ದು ಇಳಿದ ಮೇಲೆ.

ಮೂರು, ನಾಲ್ಕು ಸೇರಿಸಿದ ತರಗತಿ, ಹನ್ನೊಂದು ಯೂಪಿಕ್ ಮಕ್ಕಳು.
ಪಕ್ಕದ ಕೋಣೆಯ ಮೇಷ್ಟ್ರು, ಒಹಾಯೊ ಕಡೆಯವರು, ಒಳ್ಳೆಯವರೇ,
ಮೊದಲೇ ಎಚ್ಚರಿಸಿದ್ದರು:
ಬಾಯಿ ಬಿಡೋದಿಲ್ಲ ಈ ಮಕ್ಕಳು,
ಕಂಬಕ್ಕೆ ಪಾಠ ಹೇಳಿದ ಹಾಗೆ.
ಪೆನ್ಸಿಲ್ ಇದೆಯಾ ಎಲ್ಲರ ಹತ್ತಿರ?
ಸದ್ದಿಲ್ಲ.
ಬೋರ್ಡು ಕಾಣಿಸ್ತಿದೆಯಾ, ಹಿಂದಿನವರಿಗೆ?
ಸದ್ದಿಲ್ಲ. ಹೀಟರು ಮಾತ್ರ ಗೊಣಗುತ್ತಿತ್ತು.
ಆಗ ಕಂಡೆ.
ಕಿಟಕಿ ಪಕ್ಕದ ನಸ್ಟಾಸಿಯಾಳ ಹುಬ್ಬು
ಕೂದಲೆಳೆಯಷ್ಟು ಮೇಲೆದ್ದು ಇಳಿಯಿತು.
ಅವಳ ಹಿಂದೆ ಈವನ್. ಅವನದೂ.
ಅಯ್ಯೋ, ಇವರು ಆಗಿನಿಂದ
ಹೂಂ, ಹೂಂ, ಅನ್ನುತ್ತಲೇ ಇದ್ದಾರೆ!

ನಮ್ಮೂರಲ್ಲೂ ಹೀಗೇ.
ಸೀಟಿದೆಯಾ ಅಂದರೆ ಜೀಪ್ನಿಯ ಡ್ರೈವರು ಹೀಗೇ,
ಒಣಮೀನು ತಾಜಾನಾ ಅಂದರೆ ಮಾರುವ ಮುದುಕಿ ಹೀಗೇ,
ಮದುವೆಯಾಗ್ತೀಯಾ ಅಂದಾಗ ನಾನು ಕೂಡ,
ಹುಬ್ಬಿನಲ್ಲೇ ಒಪ್ಪಿ
ಬಾಯಿ ತುಂಬ ಅತ್ತವಳು.
ನಾಲ್ಕು ವಿಮಾನ, ಒಂದು ಸಾಗರದ ಆಚೆ
ಯಾರೋ ನನ್ನ ಭಾಷೆಯ ಒಂದೇ ಒಂದು ಪದವನ್ನು
ಬೆಚ್ಚಗೆ ಇಟ್ಟುಕೊಂಡಿದ್ದರು.
ನಾನೂ ಏರಿಸಿದೆ.
ಕಂಬಗಳು ನಕ್ಕವು.

ಆಮೇಲೆ ಎಲ್ಲ ಸಲೀಸಾಯಿತು ಅಂತಲ್ಲ.
ಡಿಸೆಂಬರಿನಲ್ಲಿ ಪೈಪು ಹೆಪ್ಪುಗಟ್ಟಿ ಶಾಲೆಗೆ ನಾಲ್ಕು ದಿನ ಬೀಗ.
ಅಕ್ಕಿಗೆ ನಾಲ್ಕು ಪಟ್ಟು ಬೆಲೆ.
ರಾತ್ರಿ ಎಂಟಕ್ಕೆ ಫೋನು ಮಾಡಿದರೆ
ಅಲ್ಲಿ ಆಗಲೇ ನಾಳೆಯ ಮಧ್ಯಾಹ್ನ.
ನನಗಿಂತ ಒಂದು ದಿನ ಮುಂದಿರುವ ಮಗಳು, ಹಿಯಾಸ್,
ತಾನು ಓದಲು ಕಲಿತದ್ದನ್ನು ಓದಿ ತೋರಿಸುತ್ತಾಳೆ.
ಚಿತ್ರ ನಿಂತುಬಿಡುತ್ತದೆ.
ಒಂದು ಅಕ್ಷರದ ಮೇಲೆ ಬಾಯಿ ತೆರೆದುಕೊಂಡೇ ಇರುತ್ತಾಳೆ.
ಅದು ಯಾವ ಅಕ್ಷರ ಅಂತ ಊಹಿಸುತ್ತಾ ಮಲಗುತ್ತೇನೆ.

ಪುಸ್ತಕದಲ್ಲಿತ್ತು: ಮರದ ಬಗ್ಗೆ ಐದು ವಾಕ್ಯ ಬರೆಯಿರಿ.
ಈ ಬಯಲಲ್ಲಿ ಯಾವ ಮರ, ಬಿಡೋಣ ಅಂದುಕೊಂಡೆ.
ಈವನ್ ಬರೆದು ತಂದ:
ಮರ ನದಿಯಲ್ಲಿ ಬರುತ್ತದೆ.
ಅದಕ್ಕೆ ಎಲೆ ಇರುವುದಿಲ್ಲ.
ಯಾರು ಕಳಿಸುತ್ತಾರೋ ಗೊತ್ತಿಲ್ಲ.
ಮೊದಲು ನೋಡಿದವರು ದೋಣಿಯಲ್ಲಿ ಹೋಗಿ ಹಿಡಿದು ತರಬೇಕು.
ಒಣಗಲು ಒಂದು ವರ್ಷ ಬೇಕು.

ಕೆಂಪು ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದೆ.
ಒಂದು ಕಾಗುಣಿತದ ತಪ್ಪಿತ್ತು. ತಿದ್ದಲಿಲ್ಲ.

ಮಾರ್ಚಿನಲ್ಲಿ ಕರಾರಿನ ಕಾಗದ ಬರುತ್ತದೆ.
ಸಹಿ ಮಾಡದೆ ಚೀಲದಲ್ಲಿಟ್ಟುಕೊಂಡು
ಹಲಗೆ ಹಾಸಿದ ದಾರಿಯಲ್ಲಿ ಮನೆಗೆ ಹೊರಟಿದ್ದೆ.
ಹಿಂದಿನಿಂದ ಓಡಿ ಬಂದಳು ನಸ್ಟಾಸಿಯಾ.
ಪತ್ರಿಕೆಯಲ್ಲಿ ಸುತ್ತಿದ ಒಣ ಸಾಲ್ಮನ್ ಕೈಗಿಟ್ಟಳು,
ನಾನದನ್ನು ವಿನೆಗರಿನಲ್ಲಿ ಅದ್ದಿ ತಿನ್ನುವುದು ಊರಿಗೆಲ್ಲ ತಮಾಷೆ.
ಮುಂದಿನ ವರ್ಷ ಇರ್ತೀಯಾ, ಟೀಚರ್?
ಆರೋಪವಲ್ಲ, ಲೆಕ್ಕ:
ನೀನು ನಮಗೆ ಐದನೆಯವಳು.

ಬಾಯಿ ತೆರೆದೆ.
ಅಕ್ಕನ ಅಂಗಡಿ, ವೀಸಾ, ಹಿಯಾಸ್,
ಯಾವುದರಿಂದ ಶುರು ಮಾಡಲಿ.
ಅವಳು ನನ್ನ ಬಾಯಿಯ ಕಡೆ ನೋಡಲೇ ಇಲ್ಲ.
ಕೈಗವಸು ಕಳಚಿ,
ತನ್ನಜ್ಜಿ ನನಗೆಂದು ಹೊಲಿದ ಬೀವರ್ ತೊಗಲಿನ ಟೋಪಿಯನ್ನು
ನನ್ನ ಹಣೆಯಿಂದ ಎರಡು ಬೆರಳು ಮೇಲಕ್ಕೆ ಸರಿಸಿ
ಕಾದಳು.