ನಲವತ್ತೇಳು

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದದ್ದು ಮೂವತ್ತೊಂದು ವರ್ಷ,
ಇವತ್ತು ಡಾಕ್ಟರು ಬಿಟ್ಟದ್ದು ಬೇರೆ ಹನಿ.
"ಸಂಜೆಯವರೆಗೆ ಏನೂ ಓದಬೇಡಿ, ಆಂತಿಲೆಫ್.
ಬಲಗಣ್ಣಿನ ವಿಷಯ ಮುಂದಿನ ಸಲ ಮಾತಾಡೋಣ."
ಬಸ್ಸು ರಾತ್ರಿ ಒಂಬತ್ತಕ್ಕೆ.
ಬ್ಯೂನಸ್ ಐರಿಸ್ ಇಡೀ
ಹಾಲು ಉಕ್ಕಿದ ಒಲೆಯ ಹಾಗೆ, ಬಿಳಿ, ಬಿಸಿ, ಗದ್ದಲ.

ಜೇಬಿನಲ್ಲೊಂದು ವಿಳಾಸವಿತ್ತು,
ನಲವತ್ತಾರನೆಯ ಸಂಚಿಕೆಯ ಬೆನ್ನಿನಿಂದ
ಉಣ್ಣೆಯ ಕತ್ತರಿಯಲ್ಲೇ ಕತ್ತರಿಸಿಕೊಂಡದ್ದು.

ಸೀಸದ ಬೂಟಿನ ಅಂಚೆಯವನೊಬ್ಬ
ಕಡಲತಳದಲ್ಲಿ ನಡೆದುಹೋಗಿ
ಮುಳುಗಿದ ಹಡಗುಗಳಿಗೆ ಕಾಗದ ಕೊಡುವ ಚಿತ್ರಕಥೆ.
ಕೊನೆಯ ಚೌಕದಲ್ಲಿ ಅವನ ಗಾಳಿಕೊಳವೆ
ಪಟ್ಟನೆ ಹರಿಯಿತು. ಕೆಳಗೆ ಸಣ್ಣಕ್ಷರ:
ಮುಂದಿನ ಸಂಚಿಕೆಯಲ್ಲಿ.
ಆ ತಿಂಗಳೇ ನಮ್ಮೂರಿಗೆ ರೈಲು ನಿಂತಿತು.
ರೈಲಿನ ಜೊತೆ ಪೇಪರು, ಪೇಪರಿನ ಜೊತೆ ಅವನು.
ಚುಬುತ್ತಿನ ಗಾಳಿಯಲ್ಲಿ ನಾನು
ಎಷ್ಟು ಸಾವಿರ ಕುರಿ ಬೋಳಿಸಿದೆನೋ,
ಮದುವೆಯಾದೆ, ಹೆಂಡತಿಯನ್ನು ಮಣ್ಣು ಮಾಡಿದೆ,
ಅವನು ಮಾತ್ರ ಅಲ್ಲೇ, ಉಸಿರು ಬಿಗಿಹಿಡಿದು.

ಆ ವಿಳಾಸದಲ್ಲೀಗ ನಾಯಿಗಳಿಗೆ ಸ್ನಾನ ಮಾಡಿಸುತ್ತಾರೆ.
ನೊರೆಕೈಯ ಹುಡುಗನೊಬ್ಬ ಹೊರಗೆ ಬಂದು
"ಕಾಮಿಕ್ಸಾ, ತಾತಾ? ಕೊರಿಯೆಂತೆಸ್ ರಸ್ತೆ ಹಿಡೀರಿ" ಅಂದ.
ಹಿಡಿದೆ. ರಸ್ತೆ ನನ್ನನ್ನು ಹಿಡಿಯಲಿಲ್ಲ.
ಮೊದಲ ಅಂಗಡಿಯಲ್ಲಿ ಗಾಜಿನೊಳಗೆ ಪ್ಲಾಸ್ಟಿಕ್ ವೀರರು,
ಒಬ್ಬೊಬ್ಬನ ಬೆಲೆ ನನ್ನ ಒಂದು ಸುಗ್ಗಿಯ ಕೂಲಿ.
ಎರಡನೆಯದಕ್ಕೆ ಬೀಗ.
ಮೂರನೆಯದರಲ್ಲಿ ಪುಸ್ತಕವನ್ನು
ಹಿಂದಿನಿಂದ ಮುಂದಕ್ಕೆ ಓದಬೇಕಂತೆ.
ಆಯುಷ್ಯಕ್ಕೂ ಹಾಗೊಂದು ಅಂಗಡಿಯಿದೆಯೇ ಎಂದು ಕೇಳಿದೆ.
ಅವನು ನಗಲಿಲ್ಲ, ಎದುರು ಕಟ್ಟಡದ ನೆಲಮಾಳಿಗೆ ತೋರಿಸಿದ.

ಮೆಟ್ಟಿಲನ್ನು ಕಾಲಿನಿಂದ ಎಣಿಸುತ್ತ ಇಳಿದೆ.
ಕಾದ ಸೀಸದ ವಾಸನೆ, ಮಾತೆ ಎಲೆಯ ವಾಸನೆ,
ಟುಂಯ್ ಟುಂಯ್ ಎನ್ನುವ ಯಾವುದೋ ಯುದ್ಧ.
ಇಬ್ಬರು ಹುಡುಗರು ಟೀವಿಯ ಮುಂದೆ ಕೂತು
ಗುಂಡಿ ಒತ್ತುತ್ತಿದ್ದರು. ಅವರ ಹೆಬ್ಬೆರಳು
ನಮ್ಮ ಕೊಟ್ಟಿಗೆಯ ಕತ್ತರಿಗಳಿಗಿಂತ ಚುರುಕು.
ಅಂಗಡಿಯಾಕೆ ಒರಿಯಾನಾ,
ಸತ್ತ ಆಟದ ಯಂತ್ರದ ಹೊಟ್ಟೆ ಬಗೆದು ಕೂತಿದ್ದಳು.
"ಹಳೆ ಕಾಮಿಕ್ಸಾ? ಇದೆ. ಆದರೆ
ಅದರ ಮೇಲೇ ಟೀವಿ ಕೂತಿದೆ."
ಯುದ್ಧ ನಿಲ್ಲಿಸಿದರು. ಗೆಲ್ಲುತ್ತಿದ್ದವನು ಗೊಣಗಿದ.
ಟೀವಿ ಎತ್ತಿದೆವು, ನಾಲ್ವರೂ ಸೇರಿ.
ಸೆಣಬಿನ ಹುರಿ ಬಿಚ್ಚಿ ಅವಳು ಎಣಿಸಿದಳು:
ಮೂವತ್ತೊಂಬತ್ತು, ನಲವತ್ತನಾಲ್ಕು,
ಮತ್ತೆ ನಲವತ್ತನಾಲ್ಕು,
ನಲವತ್ತೇಳು.

ಬೆಲೆ ಹೇಳಿದಳು. ಚೌಕಾಸಿ ಮಾಡಿದೆ.
ಒಂದು ಪೆಸೊ ಇಳಿಸಲಿಲ್ಲ.
ಪುಟ ತೆರೆದರೆ, ರಾಶಿ ಹಾಕಿದ ಉಣ್ಣೆ, ಅಷ್ಟೇ.
ನನ್ನ ಕೈ ನಿಂತದ್ದು ಕಂಡು
ತಾನೇ ಇಸಿದುಕೊಂಡು ಓದತೊಡಗಿದಳು:
"ಮೊದಲ ಚೌಕ, ನೀರು.
ಎರಡು, ನೀರು.
ಮೂರು, ನೀರೇ. ಒಂದು ಗುಳ್ಳೆ."
"ಎರಡು ಗುಳ್ಳೆ," ಅಂದ ಸೋಲುತ್ತಿದ್ದ ಹುಡುಗ,
ಅವಳ ಭುಜದ ಮೇಲಿಂದ ಬಗ್ಗಿ.
"ನಾಲ್ಕು..."

ಸಾಕು ಎಂದೆ. ಯಾಕೆಂದೆನೋ.
ಗುಳ್ಳೆಯಿದೆ ಎಂದರೆ ಉಸಿರಿದೆ ತಾನೆ?
ಅಂಗಿಯೊಳಗೆ, ಎದೆಗೆ ಒತ್ತಿ ಇಟ್ಟುಕೊಂಡು
ಮೇಲೆ ಹತ್ತಿ ಬಂದೆ. ಹಿಂದೆ
ಟೀವಿ ಬೇರೇನರ ಮೇಲೋ ಕೂತ ಸದ್ದು.

ಬಸ್ ನಿಲ್ದಾಣದಲ್ಲಿ ಅಕ್ಷರಗಳು
ಒಂದೊಂದಾಗಿ ಹಿಂತಿರುಗಿದವು,
ಮೊದಲು ಊರುಗಳ ಹೆಸರು, ಆಮೇಲೆ ಸಮಯ,
ಕೊನೆಗೆ ನನ್ನ ಸೀಟು: ಹನ್ನೆರಡು.
ಕೂತು, ಅಂಗಿಯ ಗುಂಡಿ ಬಿಚ್ಚಿ,
ಹೊರತೆಗೆದು, ಮೊದಲ ಪುಟಕ್ಕೆ ಬೆರಳಿಟ್ಟೆ.
ಚಾಲಕ ದೀಪ ಆರಿಸಿದ.

ಇರಲಿ.
ಬೆಳಗಿನವರೆಗೆ ತಾನೆ.
ರೂಢಿಯಿದೆ ಅವನಿಗೆ.