ಹಂಸಪಾದ

ಕಾರು ನಿಂತಿತ್ತು, ಅದು ಖರೆ.
ಮೋತಿ ಸರ್ಕಲ್ ದಾಟಿ, ಔಷಧದ ಅಂಗಡಿ ಮುಂದ,
ಬಿಳೀ ಕಾರು, ಗಾಜಿಗೆ ಕಪ್ಪು ಹಾಳೆ.
ನಾನು ಬರ್ತಿದ್ದೆ, ಅದೂ ಖರೆ.
ಕ್ಯಾರಿಯರ್ ಮ್ಯಾಲೆ ನಲವತ್ತು ಜೀನ್ಸ್ ಪ್ಯಾಂಟು,
ಕೌಲ್ ಬಜಾರಿನ ಮನೆಗಳಾಗ ಹೊಲಿದದ್ದು,
ಹತ್ತೂವರೆಗೆ ವಾಷಿಂಗ್ ಯೂನಿಟ್ಟಿಗೆ ಮುಟ್ಟಬೇಕು.

ಆಮೇಲೆ ಬಾಗಿಲು.

ರೆಕ್ಕಿ ಬಿಚ್ಚಿದ್ದು ಅದು,
ಹಾರಿದ್ದು ನಾನು.
ಬಿದ್ದಲ್ಲಿಂದ ಕೋಟೆ ಗುಡ್ಡ ತಲೆಕೆಳಗ ಕಂಡಿತು,
ಅದರ ಕೆಳಗ ರೋಡಿನ ತುಂಬ
ಮನುಷ್ಯಾರಿಲ್ಲದ ನಲವತ್ತು ಜೋಡಿ ಕಾಲು.
ಒಂದು ಆಟೋ ಅವುಗಳ ಮ್ಯಾಲೆ ಹಾದು ಹೋತು.
ಹಾಳಾದ ಹದಿನೆಂಟು ಪೀಸಿನ ದುಡ್ಡು
ಮಾಲೀಕ ಶನಿವಾರವೇ ಮುರಕೊಂಡ.

ವಿಮ್ಸ್‌ನಾಗ ಹೆಗಲಿಗೆ ಪಟ್ಟಿ ಕಟ್ಟಿಸಿಕೊಂಡು
ಮೂರನೇ ದಿನ ಠಾಣೆಗೆ ಹೋದರ
ಕಂಪ್ಲೇಂಟು ನನಗಿಂತ ಮೊದಲೇ ಬಂದು ಕುಂತಿತ್ತು.
ನನ್ನದಲ್ಲ. ಅವರದು.
ರೈಟರ್ ಎರ್ರಿಸ್ವಾಮಿ ಓದಿದ:
“ನಿಲ್ಲಿಸಿದ್ದ ಸದರಿ ಕಾರಿಗೆ ಸೈಕಲ್ ಸವಾರನಾದ ಹೊನ್ನೂರವಲಿಯು
ಅತಿವೇಗ ಹಾಗೂ ಅಜಾಗರೂಕತೆಯಿಂದ ಬಂದು ಡಿಕ್ಕಿ ಹೊಡೆದು...”

ಅತಿವೇಗ!
ಮಾಬುನ್ನಿ ಕೇಳಿದ್ದರ ನಕ್ಕು ಸತ್ತಿರತಿದ್ದಳು.
ನಮ್ಮ ಸೈಕಲ್ಲಿಗೆ ರೈಲ್ವೆ ಗೇಟಿನ ತನಕ ಹೋಗೋದ್ರಾಗ
ಎರಡು ಸಲ ಚೈನು ಕಳಚತೈತಿ.

“ಬಾಗಿಲು ಎಲ್ಲೈತಿ ಸಾರ್ ಇದರಾಗ?”
“ಯಾವ ಬಾಗಿಲು?”
“ಕಾರಿಂದು. ಅವರು ತೆಗೆದದ್ದು.”
“ಕಾರು ಅಂತ ಬರೆದ ಮ್ಯಾಲೆ
ಬಾಗಿಲೂ ಅದರಾಗ ಬಂತಲ್ಲೋ ಮಾರಾಯ.”

ಸೈಕಲ್ ನಂಬರು ಕೇಳಿದ, ಇನ್ಸೂರೆನ್ಸ್ ಕೇಳಿದ,
ನನ್ನದೇ ಸೈಕಲ್ ಅನ್ನಾಕ ರಶೀದಿ ಕೇಳಿದ.
ಮೂರು ಸಲ ‘ಇಲ್ಲ’ ಬರೆದು ಅಡಿಗೆರೆ ಎಳೆದ.
ಕಾಗದ ಇದ್ದ ಕಾರು ಅವತ್ತೇ ಸಂಜಿಗೆ ಮನಿಗೆ ಹೋಗಿತ್ತು.
ಸೈಕಲ್ಲು ಠಾಣೆ ಹಿಂದಿನ ಬೇವಿನ ಗಿಡಕ್ಕೆ ಒರಗಿ
ಹ್ಯಾಂಡಲ್ಲಿಗೆ ಒಂದು ರಟ್ಟು ಕಟ್ಟಿಸಿಕೊಂಡು ನಿಂತೈತಿ:
ಮುದ್ದೆಮಾಲು.

ಕಾರಿನೋರು ಕೆಟ್ಟೋರಲ್ಲ.
ಮನಿಗೆ ಬಂದರು, ಎಳನೀರು ತಂದಿದ್ದರು.
“ಬಾಗಿಲ ರಿಪೇರಿ ಹದಿನಾಲ್ಕು ಸಾವಿರ ಆಗೈತಿ,
ನಿಮ್ಮ ಪರಿಸ್ಥಿತಿ ನೋಡಿ ಬಿಟ್ಟುಬಿಡ್ತೀವಿ,
ನೀವೂ ಒಂದು ಸಹಿ ಹಾಕಿಬಿಡ್ರಿ.”
ಅವರು ಹಾಕ್ಕೊಂಡಿದ್ದ ಪ್ಯಾಂಟಿನ ಕಿಸೆ
ನಮ್ಮ ಓಣಿಯ ಹೊಲಿಗೆ, ಮೂಲ್ಯಾಗ ಒಂದು ನೂಲು ಓರೆ.
ಹೇಳಲಿಲ್ಲ.
ಸಹಿಯೂ ಹಾಕಲಿಲ್ಲ.

ವಕೀಲ ಪಂಪಾಪತಿ ಅಂದ:
“ನಿನ್ನ ಹೇಳಿಕೆ ಅಂತ ಬೇರೆ ಬರಕೋತಾರ.
ಅದರಾಗ ಇಲ್ಲದ ಮಾತು
ನಾಳೆ ಕೋರ್ಟಿನಾಗ ಹುಟ್ಟಂಗಿಲ್ಲ.”

ನಾನು ಓದಿದ್ದು ಏಳನೇತ್ತ.
ಆದ್ರ ಹೊಲಿಗೆ ಗೊತ್ತು.
ಸೊಂಟ ಬಿಗಿಯಾದರ ಹಿಂದಿನ ಹೊಲಿಗೆ ಬಿಚ್ಚಬೇಕು,
ಎರಡು ಬೆರಳು ಬಟ್ಟೆ ಕೂಡಿಸಬೇಕು,
ಅಷ್ಟಕ್ಕೇ ಮನುಷ್ಯ ಉಸಿರಾಡತಾನ.

ಒಮ್ಮೆ ಸಾಹೇಬರಿಲ್ಲ. ಒಮ್ಮೆ ಬಂದೋಬಸ್ತು.
ಒಮ್ಮೆ ನಾನೇ, ಪಗಾರ ಹೋಗತದಂತ, ಗೇಟಿನಿಂದ ತಿರುಗಿದೆ.
ಏಳನೇ ಸಲ ಹೋದಾಗ ಕರೆಂಟು ಇರಲಿಲ್ಲ.
ಎರ್ರಿಸ್ವಾಮಿ ಮೇಲಿನ ಗುಂಡಿ ಬಿಚ್ಚಿ
ಯಾರದೋ ಫೈಲಿನ ರಟ್ಟಿನಿಂದ ಗಾಳಿ ಬೀಸಿಕೋತ
ನನ್ನ ಮುಖ ನೋಡಿದ, ಹೆಗಲು ನೋಡಿದ.
“ಏನು ಬರೀಬೇಕು, ಒದರು.”

ಒದರಿದೆ.
ಆಗಲೇ ಬರೆದ ಎರಡು ಸಾಲಿನ ನಡುವೆ
ಒಂದು ಸಣ್ಣ ಗುರುತು ಹಾಕಿದ,
ಸಾಲೀಮನ್ಯಾಗ ಮಾಸ್ತರು ಅದಕ್ಕ ಹಂಸಪಾದ ಅಂತಿದ್ದರು.
ಅದರ ಮ್ಯಾಲೆ, ಇರುವೆಯಷ್ಟು ಅಕ್ಷರದಾಗ:
ಕಾರಿನ ಬಲಬದಿಯ ಬಾಗಿಲನ್ನು ಒಮ್ಮೆಲೇ ತೆರೆದ ಕಾರಣ.

ಬೆರಳಿಟ್ಟು ಒಂದೊಂದೇ ಓದಿಕೊಂಡೆ.
ಆಮೇಲೆ ಸಹಿ.

ವಾಯಿದೆ ಇನ್ನೂ ಬಂದಿಲ್ಲ.
ಹೊರಗ ಬಂದು ಸೈಕಲ್ಲಿನ ಬೆಲ್ ಒತ್ತಿದೆ,
ತುಕ್ಕು ಹಿಡಿದು ಕರ್ರ್ ಅಂತು.
“ಏಯ್, ಮುಟ್ಟಬ್ಯಾಡ, ಅದು ಸಾಕ್ಷಿ!” ಅಂದ ಪಹರೆಯವ.
ಕೈ ತಗದೆ.

ನಡಕೋತ ಹೊಂಟೆ ಮನಿಗೆ,
ನಿಂತ ಒಂದೊಂದು ಕಾರಿನಿಂದಲೂ
ಒಂದು ಬಾಗಿಲಿನಷ್ಟು ದೂರ.